ಕಲ್ಲಿನ ಪಾಲೆಷ್ಟು, ಜೀನಿನ ಪಾಲೆಷ್ಟು? – ಒಂದು ತಪ್ಪು ಪ್ರಶ್ನೆಯ ವಿಮರ್ಶೆ

ಒಂದು ಕಾಯಿಲೆ ಒಂದೇ ಮನೆತನದ ಮೂರು ನಾಲ್ಕು ತಲೆಮಾರುಗಳಲ್ಲಿ ಕಾಣಿಸಿಕೊಂಡರೆ 'ಅದು ಅವರ ವಂಶದಲ್ಲೇ ಇದೆ' ಎನ್ನುವುದು ವಾಡಿಕೆ. ಅದೇ ಕಾಯಿಲೆ ಒಂದೇ ಊರಿನ ಹಲವರಿಗೆ ಬಂದರೆ 'ಆ ಊರಿನ ನೀರೇ ಸರಿಯಿಲ್ಲ' ಎನ್ನುತ್ತೇವೆ. ಕಾಯಿಲೆಯು ಕೆಲವೇ ಊರುಗಳಲ್ಲಿ, ಆ ಊರುಗಳಲ್ಲೂ ಕೆಲವೇ ಮನೆತನಗಳಲ್ಲಿ ಹೆಚ್ಚಾಗಿ ಕಂಡುಬಂದರೆ ಏನು ಹೇಳಬೇಕು? ಕ್ಯಾನ್ಸರಿನ ಬಗ್ಗೆ ಪಾಠ ಮಾಡುವಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ಇದರಲ್ಲಿ ಆನುವಂಶಿಕತೆಯ ಪಾಲು ಶೇಕಡಾ ಎಷ್ಟು? ಪರಿಸರದ ಪಾಲು ಶೇಕಡಾ ಎಷ್ಟು? ನಾವು ಅಧ್ಯಾಪಕರು ಎಲ್ಲೋ ಓದಿದ ಒಂದು ಅಂಕಿಯನ್ನು ಹೇಳಿ ಮುಂದೆ ಸಾಗುತ್ತೇವೆ.

ಎರಡು ಕಾರಣಗಳು ಒಂದನ್ನೊಂದು ಕೂಡುವ ಬದಲು ಗುಣಿಸಿಕೊಂಡು ಕೆಲಸ ಮಾಡುವಾಗ ಈ ಪ್ರಶ್ನೆಗೆ ಉತ್ತರವೇ ಇಲ್ಲ ಎಂಬುದು ಈ ಲೇಖನದ ವಾದ. ಉತ್ತರವಿಲ್ಲದ ಪ್ರಶ್ನೆಗೆ ಕೊಟ್ಟ ಉತ್ತರವು ತರಗತಿಯಲ್ಲೇ ಉಳಿದಿದ್ದರೆ ಹೆಚ್ಚು ಹಾನಿಯಿರಲಿಲ್ಲ. ಆದರೆ ಅದನ್ನು ಆಧರಿಸಿ ಯಾರನ್ನು ರಕ್ಷಿಸಬೇಕು, ಹೇಗೆ ರಕ್ಷಿಸಬೇಕು ಎಂಬ ತೀರ್ಮಾನಗಳಾಗುತ್ತವೆ. ಇದನ್ನು ಪರಿಶೀಲಿಸಲು ಟರ್ಕಿ ದೇಶದ ಕಪಡೋಷಿಯ ಪ್ರಾಂತದ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೂರು ಹಳ್ಳಿಗಳು, ಒಂದು ಖನಿಜ

ಕಪಡೋಷಿಯ ಮಧ್ಯ ಅನಟೋಲಿಯದಲ್ಲಿದೆ. ಪ್ರಾಚೀನ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಯಾಗಿ ಅಲ್ಲಿ ಮೆದುವಾದ ಕಲ್ಲಾಗಿದೆ. ಜನರು ಶತಮಾನಗಳಿಂದ ಆ ಕಲ್ಲನ್ನು ಕೊರೆದು ಗುಹೆಮನೆ ಮಾಡಿಕೊಂಡಿದ್ದಾರೆ; ಅದನ್ನೇ ಕತ್ತರಿಸಿ ಗೋಡೆ ಕಟ್ಟಿದ್ದಾರೆ. ಅಲ್ಲಿನ ಕರಾಯಿನ್, ಟೂಜ್‌ಕೋಯ್ ಮತ್ತು ಸರಿಹಿದಿರ್ ಎಂಬ ಮೂರು ಹಳ್ಳಿಗಳಲ್ಲಿ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಬೇರೆಲ್ಲೂ ಕಾಣದ ಪ್ರಮಾಣದಲ್ಲಿ ಇರುವುದು 1970ರ ದಶಕದಲ್ಲಿ ಬೆಳಕಿಗೆ ಬಂತು. ಶ್ವಾಸಕೋಶವನ್ನೂ ಉದರವನ್ನೂ ಸುತ್ತುವರಿದಿರುವ ತೆಳುಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಹಾನಿಕಾರಕ ಎಳೆಗಳ ಸಂಪರ್ಕವಿಲ್ಲದ ಜನಸಮುದಾಯದಲ್ಲಿ ಇದು ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಬ್ಬಿಬ್ಬರಿಗೆ ಬಂದರೆ ಹೆಚ್ಚು. ವೈದ್ಯ ಇಜ್ಜೆತ್ತಿನ್ ಬಾರಿಶ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆರುನೂರು ಜನಸಂಖ್ಯೆಯೂ ಇಲ್ಲದ ಕರಾಯಿನ್‌ನಲ್ಲಿ 1970ರಿಂದ 1974ರವರೆಗೆ ಸಂಭವಿಸಿದ 55 ಸಾವುಗಳಲ್ಲಿ 24 ಈ ಕ್ಯಾನ್ಸರಿನವು. ನೆರೆಯ ಕರ್ಲಿಕ್ ಎಂಬ ಹಳ್ಳಿಯಲ್ಲಿ ಇಂತಹ ಪಿಡುಗು ಇರಲಿಲ್ಲ.

ಮೀಸೋಥೀಲಿಯೋಮಕ್ಕೆ ಕಲ್ನಾರು ಕಾರಣ ಎಂಬುದು 1960ರಲ್ಲೇ ತಿಳಿದಿತ್ತು. ದಕ್ಷಿಣ ಆಫ್ರಿಕದ ನೀಲಿ ಕಲ್ನಾರಿನ ಗಣಿ ಪ್ರದೇಶದಿಂದ ವ್ಯಾಗ್ನರ್, ಸ್ಲೆಗ್ಸ್ ಮತ್ತು ಮಾರ್ಷಾಂಡ್ ಅವರು 33 ರೋಗಿಗಳ ವಿವರವನ್ನು ಆ ವರ್ಷ ಪ್ರಕಟಿಸಿದ್ದರು. ಆದರೆ ಕರಾಯಿನ್‌ನಲ್ಲಿ ಕಲ್ನಾರಿನ ಗಣಿಯೂ ಇರಲಿಲ್ಲ, ಕಾರ್ಖಾನೆಯೂ ಇರಲಿಲ್ಲ. ಅಲ್ಲಿ ಸಿಕ್ಕಿದ್ದು ಎರಿಯೊನೈಟ್. ಇದು ಜಿಯೋಲೈಟ್ ಗುಂಪಿಗೆ ಸೇರಿದ, ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಒಳಗೊಂಡ ಖನಿಜ. ಉಣ್ಣೆಯಂತಹ ಎಳೆಗಳಾಗಿ ಸಿಗುವುದರಿಂದ 1898ರಲ್ಲಿ ಈಕಲ್ ಎಂಬ ಖನಿಜ ವಿಜ್ಞಾನಿ ಇದಕ್ಕೆ ಉಣ್ಣೆ ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟರು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1987ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು.

ಎಳೆ ಹೇಗೆ ಕೊಲ್ಲುತ್ತದೆ? ಇದರಲ್ಲಿ ಭೌತವಿಜ್ಞಾನಕ್ಕೂ ಕೆಲಸವಿದೆ. ಗಾಳಿಯಲ್ಲಿ ತೇಲುವ ಎಳೆ ಕೆಳಗಿಳಿಯುವ ವೇಗವನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ದಪ್ಪ, ಉದ್ದವಲ್ಲ. ಆದ್ದರಿಂದ ಉದ್ದವಾದರೂ ತೆಳುವಾದ ಎಳೆ ಮೂಗು ಗಂಟಲುಗಳನ್ನು ದಾಟಿ ಶ್ವಾಸಕೋಶದ ಆಳ ತಲಪುತ್ತದೆ. ಅಲ್ಲಿ ಅದನ್ನು ನುಂಗಲು ಬರುವ ಭಕ್ಷಕ ಕೋಶದ ಗಾತ್ರ 10–20 ಮೈಕ್ರೊಮೀಟರ್ ಮಾತ್ರ. ಅಷ್ಟೇ ಉದ್ದದ ಎಳೆಯನ್ನು ಅದು ಪೂರ್ತಿ ನುಂಗಲಾರದು. ಸ್ಟ್ಯಾಂಟನ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ 8 ಮೈಕ್ರೊಮೀಟರ್‌ಗಿಂತ ಉದ್ದವೂ 0.25 ಮೈಕ್ರೊಮೀಟರ್‌ಗಿಂತ ತೆಳುವೂ ಆದ ಎಳೆಗಳೇ ಹೆಚ್ಚು ಅಪಾಯಕಾರಿ ಎಂದು ಕಂಡುಬಂತು. ಕರಗದ, ಹೊರಹಾಕಲೂ ಆಗದ ಎಳೆ ಪೊರೆಯನ್ನು ಸೇರಿ ದಶಕಗಳ ಕಾಲ ಉರಿಯೂತವನ್ನು ಉಳಿಸುತ್ತದೆ. ಕೋಶಗಳು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಈ ನಡುವೆ ಡಿಎನ್‌ಎಯಲ್ಲಿ ಆಗುವ ಹಾನಿ ಕೂಡುತ್ತಾ ಹೋಗುತ್ತದೆ. ಆದ್ದರಿಂದಲೇ ಎಳೆ ಒಳಹೊಕ್ಕು ಮೂವತ್ತು ನಲವತ್ತು ವರ್ಷಗಳಾದ ಮೇಲೆ ರೋಗ ತಲೆದೋರುತ್ತದೆ.

ವಂಶವೃಕ್ಷದ ವಾದ

ಇಷ್ಟರವರೆಗೆ ಕಲ್ಲಿನ ಕಥೆ. 2001ರಲ್ಲಿ ಕಥೆ ತಿರುವು ಪಡೆಯಿತು. ಟರ್ಕಿ ಮತ್ತು ಅಮೆರಿಕದ ವಿಜ್ಞಾನಿಗಳು ಆರು ತಲೆಮಾರುಗಳ, 526 ಜನರ ವಂಶವೃಕ್ಷವನ್ನು ರಚಿಸಿ, ರೋಗಕ್ಕೆ ತುತ್ತಾಗುವ ಗುಣ ಪ್ರಬಲ ಜೀನಿನ ಮೂಲಕ ತಂದೆತಾಯಿಯರಿಂದ ಮಕ್ಕಳಿಗೆ ಸಾಗುತ್ತಿರಬಹುದೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. 2006ರಲ್ಲಿ ಇದೇ ವಾದವನ್ನು ವಿಸ್ತರಿಸಿದ ಇನ್ನೊಂದು ಪ್ರಬಂಧ 'ಕ್ಯಾನ್ಸರ್ ರಿಸರ್ಚ್' ಪತ್ರಿಕೆಯಲ್ಲಿ ಬಂತು. ಅದರ ಲೇಖಕರಲ್ಲಿ ಖನಿಜ ವಿಜ್ಞಾನಿ ಉಮ್ರಾನ್ ದೋಗಾನ್, ಮೊದಲು ಪಿಡುಗನ್ನು ಗುರುತಿಸಿದ ಬಾರಿಶ್, ಮತ್ತು ಮಿಕೇಲೆ ಕಾರ್ಬೋನೆ ಇದ್ದರು. ಎಳೆಗಳಿಂದ ಕ್ಯಾನ್ಸರ್ ಬರುವ ಆನುವಂಶಿಕ ಒಲವೇ ಟರ್ಕಿಯ ಮೀಸೋಥೀಲಿಯೋಮ ಪಿಡುಗಿಗೆ ಕಾರಣವಾಗಿದೆ ಎಂಬ ಅರ್ಥದ ಶೀರ್ಷಿಕೆ ಅದಕ್ಕಿತ್ತು.

ಇವರು ಮುಂದಿಟ್ಟ ಸಾಕ್ಷ್ಯಗಳನ್ನು ಹಗುರವಾಗಿ ಕಾಣುವಂತಿಲ್ಲ. ಒಂದೇ ಊರಿನಲ್ಲಿ ಕೆಲವು ಮನೆತನಗಳಲ್ಲಿ ರೋಗ ಹೆಚ್ಚು, ಕೆಲವರಲ್ಲಿ ಇಲ್ಲ. ರೋಗವಿದ್ದ ಮನೆತನದವರು ರೋಗವಿಲ್ಲದ ಮನೆತನದೊಡನೆ ಸಂಬಂಧ ಬೆಳೆಸಿದಾಗ ಅವರ ಸಂತಾನದಲ್ಲಿ ರೋಗ ಕಾಣಿಸಿಕೊಂಡಿತು. ಎರಡೂ ಬಗೆಯ ಮನೆಗಳಿಂದ ತಂದ ಎರಿಯೊನೈಟ್‌ನ ರಚನೆ ಮತ್ತು ಸಂಯೋಜನೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಕಲ್ಲು ಒಂದೇ, ಫಲ ಬೇರೆ. ಆದ್ದರಿಂದ ವ್ಯತ್ಯಾಸಕ್ಕೆ ಕಾರಣ ಜೀನ್. ಇದು ಅವರ ತರ್ಕ.

ಈ ತರ್ಕಕ್ಕೆ ನನ್ನ ಆಕ್ಷೇಪಣೆಗಳು ಮೂರು.

ಮೊದಲನೆಯದು, ತಂದೆಯಿಂದ ಮಗನಿಗೆ ಬರುವುದು ವರ್ಣತಂತುಗಳು ಮಾತ್ರವಲ್ಲ, ಮನೆಯೂ ಬರುತ್ತದೆ. ಕಲ್ಲಿನಲ್ಲಿ ಕೊರೆದ ಮನೆ ತಲೆಮಾರಿನಿಂದ ತಲೆಮಾರಿಗೆ ಉಳಿಯುತ್ತದೆ. ಅಣ್ಣತಮ್ಮಂದಿರು ಒಂದೇ ಗೋಡೆಯ ಪಕ್ಕ ಮಲಗಿ, ಒಂದೇ ನೆಲದ ಕಸ ಗುಡಿಸಿ ಬೆಳೆದಿರುತ್ತಾರೆ. ಇಂತಹ ಊರಿನ ವಂಶವೃಕ್ಷದಲ್ಲಿ ರೋಗ ಮೇಲಿನಿಂದ ಕೆಳಗೆ ಸಾಗಿದಂತೆ ಕಂಡರೆ, ಅದು ಜೀನಿನ ಹಾದಿಯೂ ಆಗಿರಬಹುದು, ಮನೆಯ ಹಾದಿಯೂ ಆಗಿರಬಹುದು. ವೃಕ್ಷದ ಚಿತ್ರವೊಂದೇ ಇವೆರಡನ್ನು ಬೇರ್ಪಡಿಸಲಾರದು.

ಎರಡನೆಯದು ಅಳತೆಗೆ ಸಂಬಂಧಿಸಿದ್ದು. ಎರಡು ಮನೆಗಳ ಖನಿಜ ಒಂದೇ ಎಂದರೆ ಅಲ್ಲಿ ವಾಸಿಸುವವರು ಉಸಿರಾಡಿದ ಪ್ರಮಾಣವೂ ಒಂದೇ ಎಂದಾಗದು. ಎರಡು ದೀಪಗಳಿಂದ ಬರುವ ಬೆಳಕಿನ ತರಂಗದೂರ ಒಂದೇ ಆಗಿದ್ದರೆ ಅವುಗಳ ಪ್ರಕಾಶವೂ ಒಂದೇ ಎಂದು ಯಾವ ವಿದ್ಯಾರ್ಥಿಯೂ ಹೇಳುವುದಿಲ್ಲ. ಕ್ಷಕಿರಣ ವಿವರ್ತನೆ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತಿಳಿಸುವುದು 'ಯಾವುದು' ಎಂಬುದನ್ನು. 'ಎಷ್ಟು' ಎಂದು ತಿಳಿಯಬೇಕಾದರೆ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಎಳೆಗಳಿದ್ದವು, ಆ ಗಾಳಿಯನ್ನು ಎಷ್ಟು ವರ್ಷ ಉಸಿರಾಡಿದರು ಎಂಬ ಲೆಕ್ಕ ಬೇಕು. ನಲವತ್ತು ವರ್ಷ ಹಿಂದಿನ ಗಾಳಿಯನ್ನು ಇಂದು ಅಳೆಯಲು ಬರುವುದಿಲ್ಲ. ಅಳೆಯಲಾಗದ್ದನ್ನು 'ಸಮಾನವಾಗಿತ್ತು' ಎಂದು ಊಹಿಸಿ, ಉಳಿದುದನ್ನೆಲ್ಲ ಜೀನಿನ ಖಾತೆಗೆ ಬರೆಯುವುದು ಸರಿಯಾದ ಲೆಕ್ಕವಲ್ಲ.

ಮೂರನೆಯದು ಇನ್ನೂ ಮೂಲಭೂತವಾದದ್ದು. ಮೊದಲೆರಡು ಆಕ್ಷೇಪಣೆಗಳನ್ನು ಬಿಟ್ಟುಕೊಟ್ಟು, ಊರಿನ ಎಲ್ಲರೂ ನಿಜಕ್ಕೂ ಸಮಾನವಾಗಿ ಧೂಳು ಉಸಿರಾಡಿದರು ಎಂದೇ ಒಪ್ಪೋಣ. ಆಗಲೂ 'ಪಿಡುಗಿಗೆ ಕಾರಣ ಜೀನ್' ಎಂಬ ಮಾತು ನಿಲ್ಲುವುದಿಲ್ಲ. ಏಕೆ ಎಂದು ನೋಡೋಣ.

ಇಲಿ ಮತ್ತು ಹಳ್ಳಿ

ವ್ಯಾಗ್ನರ್ ಮತ್ತು ಸಂಗಡಿಗರು 1985ರಲ್ಲಿ ವರದಿ ಮಾಡಿದ ಒಂದು ಪ್ರಯೋಗದಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಎರಿಯೊನೈಟ್ ಎಳೆಗಳಿದ್ದ ಗಾಳಿಯನ್ನು ಇಲಿಗಳಿಗೆ ಉಸಿರಾಡಿಸಲಾಯಿತು. 28 ಇಲಿಗಳ ಪೈಕಿ 27ಕ್ಕೆ ಮೀಸೋಥೀಲಿಯೋಮ ಬಂತು. ಪ್ರಯೋಗಶಾಲೆಯ ಇಲಿಗಳು ಒಂದೇ ತಳಿಯವು. ಅವುಗಳ ಜೀನುಗಳಲ್ಲಿ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಎಳೆ ಉಸಿರಾಡಿದ ಇಲಿಗಳನ್ನೂ ಉಸಿರಾಡದವನ್ನೂ ಹೋಲಿಸಿದರೆ ವ್ಯತ್ಯಾಸಕ್ಕೆಲ್ಲ ಎಳೆಯೇ ಕಾರಣ. 'ಜೀನಿನ ಪಾಲು ಸೊನ್ನೆ, ಕಲ್ಲಿನ ಪಾಲು ನೂರು' ಎಂದು ಬರೆಯಬೇಕಾಗುತ್ತದೆ.

ಈಗ ಹಳ್ಳಿಗೆ ಬನ್ನಿ. ಅಲ್ಲಿ ಎಲ್ಲರೂ ಸಮಾನವಾಗಿ ಧೂಳು ಉಸಿರಾಡಿದ್ದಾರೆ ಎಂದು ಒಪ್ಪಿದೆವಲ್ಲವೇ? ಹಾಗಾದರೆ ಜನರ ನಡುವಿನ ವ್ಯತ್ಯಾಸವನ್ನು ಧೂಳು ವಿವರಿಸಲಾರದು. ಆಕಸ್ಮಿಕವನ್ನು ಬಿಟ್ಟರೆ ಉಳಿಯುವುದು ಜೀನ್. 'ಕಲ್ಲಿನ ಪಾಲು ಸೊನ್ನೆ, ಜೀನಿನ ಪಾಲು ನೂರು' ಎಂದಾಗುತ್ತದೆ.

ಖನಿಜ ಒಂದೇ, ಕ್ಯಾನ್ಸರ್ ಒಂದೇ. ಉತ್ತರಗಳು ಮಾತ್ರ ಪೂರ್ತಿ ವಿರುದ್ಧ. ಇದರಿಂದ ತಿಳಿಯುವುದೇನು? ಈ ಶೇಕಡಾವಾರು ಅಂಕಿಗಳು ರೋಗದ ಗುಣವನ್ನು ಹೇಳುತ್ತಿಲ್ಲ. ನಾವು ಆರಿಸಿಕೊಂಡ ಗುಂಪಿನಲ್ಲಿ ಯಾವುದು ಬದಲಾಗುತ್ತಿತ್ತು, ಯಾವುದು ಸ್ಥಿರವಾಗಿತ್ತು ಎಂಬುದನ್ನಷ್ಟೇ ಹೇಳುತ್ತಿವೆ. ಬ್ರಿಟನ್ನಿನ ವೈದ್ಯವಿಜ್ಞಾನಿ ಜೆಫ್ರಿ ರೋಸ್ 1985ರಲ್ಲಿ ಇದನ್ನೇ ಧೂಮಪಾನದ ಉದಾಹರಣೆಯಿಂದ ವಿವರಿಸಿದ್ದರು: ಎಲ್ಲರೂ ದಿನಕ್ಕೆ ಇಪ್ಪತ್ತು ಸಿಗರೇಟು ಸೇದುವ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಆನುವಂಶಿಕ ಕಾಯಿಲೆಯಂತೆ ಕಾಣುತ್ತದೆ. ಎಲ್ಲರಿಗೂ ಸಮಾನವಾಗಿರುವ ಕಾರಣ ಎಷ್ಟೇ ದೊಡ್ಡದಾದರೂ ಹೋಲಿಕೆಯ ಕಣ್ಣಿಗೆ ಬೀಳುವುದಿಲ್ಲ.

ಒಂದು ಸರಳ ಲೆಕ್ಕ ಮಾಡಿ ನೋಡೋಣ. ಅಂಕಿಗಳು ಕೇವಲ ಕಾಲ್ಪನಿಕ. ಒಂದು ಊರಿನಲ್ಲಿ ಸುಲಭವಾಗಿ ರೋಗಕ್ಕೆ ತುತ್ತಾಗುವ ಜೀನ್ ಇರುವವರು 100, ಇಲ್ಲದವರು 100. ಎಲ್ಲರೂ ಧೂಳು ಉಸಿರಾಡುತ್ತಾರೆ. ಮೊದಲ ಗುಂಪಿನಲ್ಲಿ 50 ಜನರಿಗೂ ಎರಡನೆಯದರಲ್ಲಿ 10 ಜನರಿಗೂ ರೋಗ ಬರುತ್ತದೆ; ಒಟ್ಟು 60. ಧೂಳಿಲ್ಲದಿದ್ದರೆ ಯಾರಿಗೂ ಬರುವುದಿಲ್ಲ ಎಂದುಕೊಳ್ಳೋಣ. ಧೂಳನ್ನು ತೆಗೆದರೆ 60ಕ್ಕೆ 60 ಜನ ಉಳಿಯುತ್ತಾರೆ: ಧೂಳಿನ ಪಾಲು ಶೇಕಡಾ 100. ಧೂಳನ್ನು ಹಾಗೇ ಬಿಟ್ಟು, ಯಾರಲ್ಲೂ ಆ ಜೀನ್ ಇಲ್ಲದಿದ್ದರೆ ರೋಗಿಗಳು 20. ಉಳಿಯುವವರು 40: ಜೀನಿನ ಪಾಲು ಶೇಕಡಾ 67. ಎರಡನ್ನೂ ಕೂಡಿದರೆ 167! ಲೆಕ್ಕದಲ್ಲಿ ತಪ್ಪಿಲ್ಲ. ಮೊದಲ ಗುಂಪಿನ 40 ಪ್ರಕರಣಗಳಿಗೆ ಎರಡೂ ಕಾರಣಗಳು ಬೇಕಾಗಿದ್ದರಿಂದ ಅವು ಎರಡೂ ಕಡೆ ಎಣಿಕೆಯಾಗಿವೆ. ಆಯತದ ವಿಸ್ತೀರ್ಣದಲ್ಲಿ ಉದ್ದದ ಪಾಲೆಷ್ಟು, ಅಗಲದ ಪಾಲೆಷ್ಟು ಎಂದು ಕೇಳಿದರೆ ಏನು ಹೇಳುತ್ತೀರಿ? ನಮ್ಮ ಪ್ರಶ್ನೆಯೂ ಹಾಗೆಯೇ.

ಕಪಡೋಷಿಯದಲ್ಲಿ ಧೂಳು ಅನಿವಾರ್ಯ ಕಾರಣ ಎಂಬುದಕ್ಕೆ ಸಾಕ್ಷ್ಯ ಆ 2006ರ ಪ್ರಬಂಧದಲ್ಲೇ ಇದೆ. ರೋಗವಿರುವ ಮನೆತನಗಳಿಗೆ ಸೇರಿದ್ದರೂ ಊರಿನ ಹೊರಗೆ ಹುಟ್ಟಿ ಬೆಳೆದವರಲ್ಲಿ ರೋಗ ಕಂಡುಬಂದಂತಿಲ್ಲ ಎಂದು ಲೇಖಕರೇ ಹೇಳಿದ್ದಾರೆ. ಊರಿನಲ್ಲಿದ್ದು ನಂತರ ವಲಸೆ ಹೋದವರ ಕಥೆ ಬೇರೆ. ಕರಾಯಿನ್‌ನಿಂದ ಸ್ವೀಡನ್ನಿಗೆ ಹೋಗಿ ನೆಲೆಸಿದ 162 ಜನರ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅವರಲ್ಲಿ ಸತ್ತ 18 ಮಂದಿಯ ಪೈಕಿ 14 ಮಂದಿಯನ್ನು ಕೊಂದದ್ದು ಮೀಸೋಥೀಲಿಯೋಮ. ಸಾವಿರಾರು ಕಿಲೋಮೀಟರ್ ದೂರ ಹೋದರೂ ಒಳಹೊಕ್ಕ ಎಳೆ ಅವರನ್ನು ಬಿಡಲಿಲ್ಲ. ಈ ಎರಡು ಮಾಹಿತಿಗಳನ್ನು ಒಟ್ಟಿಗೆ ಓದಿದವರು ಪ್ರಬಂಧದ ಶೀರ್ಷಿಕೆಯಲ್ಲಿ 'ಕಾರಣ' ಎಂಬ ಪದವನ್ನು ಒಲವಿನ ಪಕ್ಕದಲ್ಲಿಟ್ಟದ್ದನ್ನು ಒಪ್ಪಲಾರರು. ಒಲವು ಯಾರಿಗೆ ಮೊದಲು ಎಂಬುದನ್ನು ತೀರ್ಮಾನಿಸಿರಬಹುದು. ಪಿಡುಗನ್ನು ಆ ಊರಿಗೆ ತಂದದ್ದು ಕಲ್ಲು.

ಜೀನ್ ಸುಳ್ಳಲ್ಲ

ಇಷ್ಟು ಹೇಳಿ ಜೀನಿನ ಮಾತೇ ಸುಳ್ಳು ಎಂದರೆ ಇನ್ನೊಂದು ತಪ್ಪಾಗುತ್ತದೆ. ಕಪಡೋಷಿಯದ ವಂಶವೃಕ್ಷಗಳಿಂದ ಪ್ರೇರಿತವಾದ ಹುಡುಕಾಟ ಮುಂದೆ ಫಲ ಕೊಟ್ಟಿತು. 2011ರಲ್ಲಿ ಟೆಸ್ಟಾ, ಕಾರ್ಬೋನೆ ಮತ್ತು ಸಂಗಡಿಗರು ಅಮೆರಿಕದ ಎರಡು ಕುಟುಂಬಗಳಲ್ಲಿ ಮೂರನೆಯ ವರ್ಣತಂತುವಿನ ಮೇಲಿರುವ ಬಿಎಪಿ1 ಎಂಬ ಜೀನಿನ ಉತ್ಪರಿವರ್ತನೆಯನ್ನು ಗುರುತಿಸಿದರು. ಇದನ್ನು ಪಡೆದವರಲ್ಲಿ ಮೀಸೋಥೀಲಿಯೋಮ ಮಾತ್ರವಲ್ಲದೆ ಕಣ್ಣಿನ ಮೆಲನೋಮ ಮುಂತಾದ ಕ್ಯಾನ್ಸರುಗಳೂ ಹೆಚ್ಚು. ಆ ಜೀನ್ ತಯಾರಿಸುವ ಪ್ರೋಟೀನ್ ಡಿಎನ್‌ಎ ದುರಸ್ತಿಯಲ್ಲಿ ನೆರವಾಗುತ್ತದೆ. ತೀವ್ರವಾಗಿ ಹಾನಿಗೊಂಡ ಕೋಶ ತಾನಾಗಿ ಸಾಯುವಂತೆಯೂ ನೋಡಿಕೊಳ್ಳುತ್ತದೆ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿದ್ದರೆ ಎಳೆಯಿಂದ ಹಾನಿಗೊಂಡ ಕೋಶ ಸಾಯದೆ ಉಳಿದು ಬೆಳೆಯುವ ಸಂಭವ ಹೆಚ್ಚು.

2014ರಲ್ಲಿ ಪ್ರಕಟವಾದ ಇಲಿಮರಿಗಳ ಪ್ರಯೋಗ ಇದನ್ನು ನೇರವಾಗಿ ತೋರಿಸಿತು. ಕಲ್ನಾರಿಗೆ ಒಡ್ಡಿದಾಗ, ಬಿಎಪಿ1ರ ಒಂದು ಪ್ರತಿ ಕೆಟ್ಟಿದ್ದವುಗಳಲ್ಲಿ ಶೇಕಡಾ 73ಕ್ಕೂ ಸಾಮಾನ್ಯವಾದವುಗಳಲ್ಲಿ ಶೇಕಡಾ 32ಕ್ಕೂ ಮೀಸೋಥೀಲಿಯೋಮ ಬಂತು. ಈ ಪ್ರಯೋಗದ ಸೊಗಸು ಅದರ ವಿನ್ಯಾಸದಲ್ಲಿದೆ. ಹಳ್ಳಿಯಲ್ಲಿ ಅಸಾಧ್ಯವಾಗಿದ್ದುದು ಇಲ್ಲಿ ಸಾಧ್ಯವಾಯಿತು: ಎಳೆಯ ಪ್ರಮಾಣವನ್ನು ತಿಳಿದು ಸಮಾನವಾಗಿರಿಸಿ ಜೀನನ್ನು ಮಾತ್ರ ಬದಲಿಸಲಾಯಿತು. ಎರಡೂ ಅಂಕಿಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು. 73 ಮತ್ತು 32ರ ನಡುವಿನ ಅಂತರ ಜೀನಿನ ಮಹತ್ವವನ್ನು ಹೇಳಿದರೆ, ಒಲವಿಲ್ಲದ ಇಲಿಗಳಲ್ಲೂ ಮೂರರಲ್ಲೊಂದಕ್ಕೆ ಕ್ಯಾನ್ಸರ್ ತಂದದ್ದು ಎಳೆಯ ಮಹತ್ವವನ್ನು ಹೇಳುತ್ತದೆ.

ಆದರೆ ಒಂದು ಎಚ್ಚರಿಕೆ. ಬಿಎಪಿ1 ಸಿಕ್ಕಿದ್ದು ಅಮೆರಿಕದ ಕುಟುಂಬಗಳಲ್ಲಿ. ಅದನ್ನು ತೋರಿಸಿ 'ಕಪಡೋಷಿಯದ ವಾದ ರುಜುವಾತಾಯಿತು' ಎನ್ನುವುದು ತರ್ಕದ ಜಿಗಿತ. ಇಂತಹ ಜೀನ್ ಇರಬಲ್ಲದು ಎಂಬುದು ರುಜುವಾತಾಯಿತು; ಕರಾಯಿನ್‌ನ ಸಾವುಗಳಿಗೆ ಅದೇ ಹೊಣೆ ಎಂಬುದಲ್ಲ.

ಪ್ರಶ್ನೆ ಏಕೆ ಮುಖ್ಯ?

ಶಬ್ದಗಳ ಬಗ್ಗೆ ಇಷ್ಟು ಜಗಳವೇಕೆ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರ ಜೆ.ಬಿ.ಎಸ್. ಹಾಲ್ಡೇನ್ ಅವರ ಒಂದು ಹಳೆಯ ಮಾತಿನಲ್ಲಿದೆ. ಮುಂದೆ ಭಾರತಕ್ಕೆ ಬಂದು ನೆಲೆಸಿದ ಈ ತಳಿವಿಜ್ಞಾನಿ 1938ರಲ್ಲಿ ಕುಂಬಾರಿಕೆ ಕಾರ್ಖಾನೆಗಳ ಕಾರ್ಮಿಕರನ್ನು ಕಾಡುವ ಶ್ವಾಸರೋಗವನ್ನು ಚರ್ಚಿಸಿದ್ದರು. ಎಲ್ಲ ಕಾರ್ಮಿಕರೂ ಅದರಿಂದ ಸಾಯುವುದಿಲ್ಲ. ಬಹುಶಃ ಕೆಲವರ ದೇಹಪ್ರಕೃತಿಯೇ ಅದಕ್ಕೆ ತುತ್ತಾಗುವಂತಹದು. ಹಾಗಿದ್ದರೆ ಅಂತಹವರು ಆ ಕೆಲಸಕ್ಕೆ ಸೇರದಂತೆ ಮಾಡಿ ರೋಗವನ್ನು ತಡೆಯಬಹುದು ಎಂದು ಅವರು ಹೇಳಿದ್ದರು. ತರ್ಕದಲ್ಲಿ ದೋಷವಿಲ್ಲ. ಆದರೆ ಇದೇ ದಾರಿಯನ್ನು ಧೂಳಿನ ಒಡೆಯ ಹಿಡಿದರೆ? ಧೂಳನ್ನು ಕಡಿಮೆ ಮಾಡಲು ಖರ್ಚಿದೆ. ಕಾರ್ಮಿಕನ ರಕ್ತ ಪರೀಕ್ಷೆ ಮಾಡಿಸಿ ಹೊರಗಿಡುವುದು ಅಗ್ಗ. ಊರಿನ ವಿಷಯದಲ್ಲಿ ಅದೂ ಸಾಧ್ಯವಿಲ್ಲ, ಏಕೆಂದರೆ ಹುಟ್ಟಿದ ಮಗುವನ್ನು ಊರಿನಿಂದ ಹೊರಗಿಡುವುದು ಹೇಗೆ? ಮನೆತನಕ್ಕೆ ಅಂಟಿದ ಹಣೆಪಟ್ಟಿ ಮದುವೆಯ ಮಾತುಕತೆಯವರೆಗೂ ಹಿಂಬಾಲಿಸುತ್ತದೆ ಎಂಬುದನ್ನು ನಮ್ಮ ಸಮಾಜಕ್ಕೆ ವಿವರಿಸಿ ಹೇಳಬೇಕಾಗಿಲ್ಲ.

ಜೀನಿನ ಪರವಾಗಿ ವಾದಿಸಿದ ವಿಜ್ಞಾನಿಗಳು ಕ್ರಿಯೆಯಲ್ಲಿ ಧೂಳನ್ನು ಮರೆಯಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಟೂಜ್‌ಕೋಯ್‌ನಲ್ಲಿ ಜನರನ್ನು ಹಳೆಯ ಮನೆಗಳಿಂದ ಹೊಸ ಊರಿಗೆ ಸ್ಥಳಾಂತರಿಸಲು ಅವರು ಒತ್ತಾಯಿಸಿದರು. ಅಮೆರಿಕದ ಉತ್ತರ ಡಕೋಟ ರಾಜ್ಯದ ಡನ್ ಕೌಂಟಿಯಲ್ಲಿ ಎರಿಯೊನೈಟ್ ಬೆರೆತ ಜಲ್ಲಿಯನ್ನು ನೂರಾರು ಕಿಲೋಮೀಟರ್ ರಸ್ತೆಗೆ ಹಾಸಿದ್ದರು. 2011ರಲ್ಲಿ ಕಾರ್ಬೋನೆ ಮತ್ತು ಸಂಗಡಿಗರು ಅಲ್ಲಿನ ಗಾಳಿಯನ್ನು ಅಳೆದು, ಎಳೆಗಳ ಪ್ರಮಾಣ ಟರ್ಕಿಯ ರೋಗಪೀಡಿತ ಬೋಯಾಲಿ ಹಳ್ಳಿಯಷ್ಟೇ ಅಥವಾ ಅದಕ್ಕಿಂತ ಹೆಚ್ಚು ಎಂದು ಎಚ್ಚರಿಸಿದರು. ಅಲ್ಲಿ ಅವರು ಯಾರ ವಂಶವೃಕ್ಷವನ್ನೂ ಕೇಳಲಿಲ್ಲ, ಎಳೆಗಳನ್ನು ಎಣಿಸಿದರು. ಅದು ಸರಿಯಾದ ಕ್ರಮ.

ನಮ್ಮಲ್ಲಿ ಎರಿಯೊನೈಟ್‌ಗಿಂತ ಕಲ್ನಾರು ಹತ್ತಿರದ ವಿಷಯ. ಭಾರತದಲ್ಲಿ ಹೊಸ ಕಲ್ನಾರು ಗಣಿಗಳಿಗೆ ಗುತ್ತಿಗೆ ಕೊಡುವುದನ್ನು 1986ರಲ್ಲಿ ನಿಲ್ಲಿಸಲಾಯಿತು. ಆದರೆ ಬಿಳಿ ಕಲ್ನಾರು ಹೊರದೇಶಗಳಿಂದ ಬಂದು ಸಿಮೆಂಟ್ ಶೀಟುಗಳಾಗಿ ನಮ್ಮ ಮನೆ, ಕೊಟ್ಟಿಗೆ, ಶಾಲೆಗಳ ಮಾಡು ಸೇರಿದೆ. ಗಟ್ಟಿಯಾಗಿರುವ ಶೀಟು ಎಳೆಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಕೊರೆದಾಗ, ಕತ್ತರಿಸಿದಾಗ, ಒಡೆದು ಎಸೆದಾಗ ಎಳೆಗಳು ಗಾಳಿಗೆ ಸೇರುತ್ತವೆ. 1995ರಲ್ಲಿ ಸುಪ್ರೀಂ ಕೋರ್ಟು ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ತೀರ್ಪು ಕೊಡುತ್ತಾ, ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ರೋಗ ಹೊರಬೀಳಲು ಅಷ್ಟು ಕಾಲ ಬೇಕೆಂಬ ತಿಳಿವಳಿಕೆ ಆ ಆದೇಶದ ಹಿಂದಿದೆ.

ತರಗತಿಯಲ್ಲಿ ಮುಂದಿನ ಸಲ ವಿದ್ಯಾರ್ಥಿಯೊಬ್ಬರು 'ಜೀನಿನ ಪಾಲೆಷ್ಟು?' ಎಂದು ಕೇಳಿದರೆ, ಮೇಲಿನ 200 ಜನರ ಊರಿನ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಾಡಿಸಬಹುದು. 167 ಎಂಬ ಉತ್ತರ ಬಂದಾಗ ಚರ್ಚೆ ತಾನಾಗಿ ಶುರುವಾಗುತ್ತದೆ. ನಂತರ ಎರಡು ಬೇರೆ ಪ್ರಶ್ನೆಗಳನ್ನು ಬರೆಸಬೇಕು: ಈ ರೋಗ ಈ ಊರಿಗೆ ಏಕೆ ಬಂತು? ಬಂದ ಮೇಲೆ ಇವರಿಗೇ ಏಕೆ ಬಂತು? ಎರಡನೆಯದಕ್ಕೆ ಉತ್ತರ ಸಿಕ್ಕರೆ ಯಾರನ್ನು ಮೊದಲು, ಎಷ್ಟು ಬೇಗ ತಪಾಸಣೆ ಮಾಡಬೇಕೆಂದು ವೈದ್ಯರಿಗೆ ತಿಳಿಯುತ್ತದೆ. ಆದರೆ ಊರನ್ನು ಉಳಿಸುವುದು ಮೊದಲನೆಯದರ ಉತ್ತರ. ಎರಡನೆಯದಕ್ಕೆ ಉತ್ತರ ಸಿಗುವವರೆಗೆ ಅದನ್ನು ಕಾಯಿಸಬೇಕಾಗಿಲ್ಲ.